ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪುವ ಮುಂಚೆ ಇನ್ನೊಬ್ಬ ಡಾಕ್ಟರನ್ನು ಕೇಳುವುದು: ಯಾವುದು ಮೊದಲು, ಯಾವುದು ಆಮೇಲೆ

ಸೆಕೆಂಡ್ ಒಪಿನಿಯನ್ ತಗೊಂಡು ಬಂದವರನ್ನು ಕೇಳಿ ನೋಡಿ. ಎಷ್ಟೋ ಜನರ ಉತ್ತರ ಒಂದೇ: ‘ಅವರೂ ಅದನ್ನೇ ಹೇಳಿದ್ರು.’ ಸರಿ, ಅವರು ನೋಡಿದ್ದೇನು? ಮೊದಲ ಆಸ್ಪತ್ರೆಯವರು ಬರೆದುಕೊಟ್ಟ ರಿಪೋರ್ಟು. ಒಂದೇ ಕಾಗದವನ್ನು ಇಬ್ಬರು ಓದಿದರೆ ಇಬ್ಬರೂ ಅದನ್ನೇ ಹೇಳುತ್ತಾರೆ, ಅಲ್ವಾ?

ನಾನೂ ಈ ತಪ್ಪು ಮಾಡಿದವನೇ. ಚಿಕ್ಕಮ್ಮನಿಗೆ ಕಾಯಿಲೆ ಗೊತ್ತಾದಾಗ ದಪ್ಪನೆಯ ಫೈಲು ಹಿಡಿದುಕೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಹಾಳೆ ಮಗುಚಿ ನೋಡಿ, ‘ಬ್ಲಾಕ್ ತಂದಿದ್ದೀರಾ?’ ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಬ್ಲಾಕ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಅದನ್ನು ತರಿಸಿ, ಇನ್ನೊಂದು ಲ್ಯಾಬಿನಲ್ಲಿ ಓದಿಸಿ, ಮತ್ತೆ ಅವರ ಸಮಯ ಸಿಗುವ ಹೊತ್ತಿಗೆ 11 ದಿನ ಹೋಯಿತು. ಚಿಕ್ಕಮ್ಮ ಆ 11 ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ.

ಹಾಗಾಗಿ ಇಲ್ಲಿ ಡಾಕ್ಟರನ್ನು ಹುಡುಕುವುದು 5ನೇ ಹೆಜ್ಜೆ. ಎಲ್ಲರೂ ಅದನ್ನೇ ಮೊದಲನೆಯದು ಮಾಡಿಕೊಳ್ಳುತ್ತಾರೆ. ಎಡವುವುದು ಅಲ್ಲೇ.

## 1. ಕಾಯುವಷ್ಟು ಸಮಯ ಇದೆಯಾ, ಕೇಳಿ

ಮೊದಲ ಡಾಕ್ಟರನ್ನೇ ನೇರವಾಗಿ ಕೇಳಿ. ‘ಸ್ವಲ್ಪ ತಡ ಮಾಡಬಹುದಾ?’ ಅಂತ ಕೇಳಬೇಡಿ. ಅದಕ್ಕೆ ಯಾವ ಡಾಕ್ಟರೂ ‘ಬೇಡ’ ಅಂತಲೇ ಹೇಳುತ್ತಾರೆ. ಹೀಗೆ ಕೇಳಿ: ‘ಇನ್ನೊಂದು ಅಭಿಪ್ರಾಯಕ್ಕೆ ಎರಡು ವಾರ ಬೇಕು. ಅಷ್ಟರಲ್ಲಿ ಈ ಕಾಯಿಲೆಯಲ್ಲಿ ಏನಾದರೂ ಬದಲಾಗುತ್ತಾ?’ ದಿನದ ಲೆಕ್ಕ ಕೊಟ್ಟು ಕೇಳಿದರೆ ಉತ್ತರವೂ ಲೆಕ್ಕದಲ್ಲೇ ಬರುತ್ತದೆ.

ಸ್ತನ, ಪ್ರಾಸ್ಟೇಟ್, ಥೈರಾಯ್ಡ್, ದೊಡ್ಡ ಕರುಳು, ಇಂಥ ಕಡೆಯ ಗಡ್ಡೆಗಳು ಕಣ್ಣಿಗೆ ಬೀಳುವ ಮುಂಚೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೆಳೆದಿರುತ್ತವೆ. ಸಾಮಾನ್ಯವಾಗಿ ಒಂದೆರಡು ವಾರದಿಂದ ಲೆಕ್ಕ ತಪ್ಪುವುದಿಲ್ಲ. ಆದರೆ ಎರಡು ವಾರ ಅಂದದ್ದು ಎರಡು ತಿಂಗಳಾಗಬಾರದು. ಕ್ಯಾಲೆಂಡರಿನಲ್ಲಿ ಕೊನೆಯ ದಿನ ಗುರುತು ಹಾಕಿ. ಅವತ್ತಿನ ಒಳಗೆ ಸಿಕ್ಕಿದ್ದರ ಮೇಲೆ ತೀರ್ಮಾನ.

ಕಾಯಲೇಬಾರದ ಸಂದರ್ಭಗಳು: ಅಕ್ಯೂಟ್ ಲ್ಯುಕೇಮಿಯಾ, ಅಂದರೆ ವೇಗವಾಗಿ ಏರುವ ರಕ್ತದ ಕ್ಯಾನ್ಸರ್. ಬರ್ಕಿಟ್‌ನಂಥ ವೇಗದ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್). ಬೆನ್ನುಹುರಿಯ ಮೇಲೆ ಗಡ್ಡೆ ಒತ್ತಿ ಕಾಲಿನ ಬಲ ಹೋಗುವುದು, ಜೋಮು ಹಿಡಿಯುವುದು, ಮೂತ್ರ ಕಟ್ಟಿಕೊಳ್ಳುವುದು. ಮುಖ, ಕತ್ತು ಊದಿಕೊಂಡು ಉಸಿರು ಕಟ್ಟುವುದು. ಕರುಳು ಕಟ್ಟಿಕೊಂಡು ವಾಂತಿ. ನಿಲ್ಲದ ರಕ್ತಸ್ರಾವ. ಕೀಮೋ ನಡೆಯುವಾಗ ಬಂದ ಜ್ವರ. ಇವುಗಳಲ್ಲಿ ಯಾವುದೇ ಇದ್ದರೂ ಮೊದಲು ಆಸ್ಪತ್ರೆ, ಚಿಕಿತ್ಸೆ. ಎರಡನೇ ಅಭಿಪ್ರಾಯವನ್ನು ಮನೆಯವರೊಬ್ಬರು ಜೊತೆಜೊತೆಗೆ ಕೇಳಬಹುದು.

ಈಗಾಗಲೇ ಕೀಮೋ ಶುರುವಾಗಿದ್ದರೆ? ಕೇಳಬಹುದು, ಧಾರಾಳವಾಗಿ. ಆದರೆ ಮುಂದಿನ ಡೋಸನ್ನು ನೀವಾಗಿಯೇ ತಪ್ಪಿಸಬೇಡಿ.

## 2. ವಾಪಸ್ ಬರಲಾಗದ ಹೆಜ್ಜೆ ಯಾವುದು, ಗುರುತಿಸಿ

‘ಚಿಕಿತ್ಸೆ’ ಅನ್ನುವುದು ಒಂದೇ ಮುದ್ದೆಯಲ್ಲ. ಅದರಲ್ಲಿ ಕೆಲವು ಹೆಜ್ಜೆಗಳನ್ನು ಆಮೇಲೆ ಬದಲಿಸಬಹುದು, ಕೆಲವನ್ನು ಆಗುವುದಿಲ್ಲ. ಬದಲಿಸಲಾಗದ ಹೆಜ್ಜೆಯ ಮುಂಚೆಯೇ ಇನ್ನೊಬ್ಬರನ್ನು ಕೇಳಬೇಕು. ಆಪರೇಷನ್ ಆದ ಮೇಲೆ ಕೇಳಿದರೆ ಎರಡನೇ ಡಾಕ್ಟರಿಗೆ ಹೇಳಲು ಅರ್ಧ ಮಾತು ಮಾತ್ರ ಉಳಿದಿರುತ್ತದೆ.

ಸ್ತನದ ಕ್ಯಾನ್ಸರ್ ನೋಡಿ. ಗಡ್ಡೆಯ ತುಣುಕಿನಲ್ಲಿ ಇಆರ್, ಪಿಆರ್, ಹರ್-2 ಅನ್ನುವ ಮೂರು ಪ್ರೋಟೀನುಗಳನ್ನು ಪರೀಕ್ಷೆ ಮಾಡುತ್ತಾರೆ. ಹರ್-2 ಪಾಸಿಟಿವ್ ಇದ್ದರೆ, ಅಥವಾ ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಇದ್ದರೆ, ಗಡ್ಡೆ ತೀರಾ ಚಿಕ್ಕದಲ್ಲದಿದ್ದಾಗ ಕೀಮೋ ಮೊದಲು, ಆಪರೇಷನ್ ಆಮೇಲೆ ಮಾಡುವುದು ಸಾಮಾನ್ಯ. ಔಷಧಿಗೆ ಗಡ್ಡೆ ಎಷ್ಟು ಕರಗಿತು ಅನ್ನುವುದರ ಮೇಲೆ ಮುಂದಿನ ಔಷಧಿ ನಿರ್ಧಾರ ಆಗುತ್ತದೆ. ಅವಸರದಲ್ಲಿ ಗಡ್ಡೆ ತೆಗೆಸಿಬಿಟ್ಟರೆ ಆ ಸುಳಿವೇ ಹೋಯಿತು. ಹಾಗೇ ಕೀಮೋ ಮೊದಲು ಅಂತಾದರೆ, ಶುರು ಮಾಡುವ ಮುಂಚೆ ಗಡ್ಡೆಯೊಳಗೆ ಸಣ್ಣ ಲೋಹದ ಕ್ಲಿಪ್ ಇಡುತ್ತಾರಾ ಅಂತ ಕೇಳಿ. ಗಡ್ಡೆ ಪೂರ್ತಿ ಕರಗಿದರೆ ಸರ್ಜನ್‌ಗೆ ಜಾಗ ತೋರಿಸುವುದು ಅದೇ.

ಗುದದ್ವಾರಕ್ಕೆ ಸ್ವಲ್ಪ ಮೇಲಿನ ಭಾಗದ, ಅಂದರೆ ರೆಕ್ಟಮ್‌ನ ಕ್ಯಾನ್ಸರಿನಲ್ಲೂ ಇದೇ ಪ್ರಶ್ನೆ: ಆಪರೇಷನ್ ಮೊದಲಾ, ರೇಡಿಯೇಶನ್ ಮತ್ತು ಕೀಮೋ ಮೊದಲಾ? ಅದನ್ನು ಹೇಳಲು ಸೊಂಟದ ಭಾಗದ ಎಂಆರ್‌ಐ ಬೇಕು, ಬರೀ ಸಿಟಿ ಸಾಲದು. ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ, ಧ್ವನಿಪೆಟ್ಟಿಗೆ ತೆಗೆಯದೆ ರೇಡಿಯೇಶನ್, ಕೀಮೋದಲ್ಲೇ ಸಾಗಬಹುದಾ ಅಂತ ಕೇಳದೆ ಸಹಿ ಹಾಕಬೇಡಿ. ಮಾಂಸಖಂಡ, ಮೂಳೆಯ ಸಾರ್ಕೋಮಾ ಅನುಮಾನ ಇದ್ದರಂತೂ ಬಯಾಪ್ಸಿಗೂ ಮುಂಚೆಯೇ ಅದರಲ್ಲಿ ಪಳಗಿದವರ ಹತ್ತಿರ ಹೋಗಿ. ಸೂಜಿ ಹೋದ ದಾರಿಯನ್ನೂ ಆಮೇಲೆ ಆಪರೇಷನ್‌ನಲ್ಲಿ ತೆಗೆಯಬೇಕಾಗಬಹುದು. ತಪ್ಪು ಜಾಗದಲ್ಲಿ ಚುಚ್ಚಿದರೆ ಆ ಆಪರೇಷನ್ನೇ ದೊಡ್ಡದಾಗುತ್ತದೆ.

ಲಿಂಫೋಮಾ ಅನುಮಾನ ಇರುವವರಿಗೆ ಒಂದು ಮಾತು: ಊತ ಇಳಿಯಲಿ ಅಂತ ಕೊಡುವ ಸ್ಟೀರಾಯ್ಡ್ ಗಂಟನ್ನು ಕರಗಿಸಿ ಬಯಾಪ್ಸಿಯನ್ನೇ ಕೆಡಿಸಬಹುದು. ಜೀವಕ್ಕೆ ತುರ್ತಿಲ್ಲದಿದ್ದರೆ ಬಯಾಪ್ಸಿ ಮೊದಲು, ಸ್ಟೀರಾಯ್ಡ್ ಆಮೇಲೆ.

ಇನ್ನೆರಡು ಸಣ್ಣ ವಿಷಯ, ಮರೆತರೆ ದೊಡ್ಡವು. ಮುಂದೆ ಮಕ್ಕಳು ಬೇಕು ಅನ್ನುವವರು ವೀರ್ಯ ಅಥವಾ ಅಂಡಾಣು ಕಾಪಿಡುವ ಮಾತನ್ನು ಮೊದಲ ಕೀಮೋ ಮುಂಚೆ ಎತ್ತಬೇಕು. ಬಾಯಿ, ಗಂಟಲಿಗೆ ರೇಡಿಯೇಶನ್ ಇದ್ದರೆ ಹಲ್ಲಿನ ಡಾಕ್ಟರು ಮೊದಲು ನೋಡಬೇಕು. ರೇಡಿಯೇಶನ್ ಆದ ದವಡೆಯಲ್ಲಿ ಹಲ್ಲು ಕಿತ್ತರೆ ಗಾಯ ಮಾಯುವುದು ಕಷ್ಟ.

## 3. ಸಾಮಾನು ಕೂಡಿಸಿ: ಕಾಗದ ಅಲ್ಲ, ವಸ್ತು

ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಅದೇ ಬ್ಲಾಕ್. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಮೇಲೆ ಬಿಳಿ ಮೇಣ, ಮೇಣದ ಮಧ್ಯೆ ಸಣ್ಣ ಕಂದು ಗೆರೆ. ಆ ಗೆರೆಯೇ ರೋಗಿಯ ತುಣುಕು. ಅದನ್ನು 4 ಮೈಕ್ರಾನ್‌ನಷ್ಟು ತೆಳ್ಳಗೆ ಹೆರೆದು ಗಾಜಿನ ಮೇಲೆ ಅಂಟಿಸಿ ಬಣ್ಣ ಹಾಕಿದರೆ ಸ್ಲೈಡ್. ಕಾಯಿಲೆಯ ಹೆಸರು ಹುಟ್ಟುವುದು ಈ ಗಾಜಿನ ಮೇಲೆ. ರಿಪೋರ್ಟು ಅದನ್ನು ನೋಡಿದ ಒಬ್ಬರ ಮಾತು, ಅಷ್ಟೆ.

ಸ್ಲೈಡ್ ಇದ್ದರೆ ಬ್ಲಾಕ್ ಯಾಕೆ? ಸ್ಲೈಡನ್ನು ಮತ್ತೆ ಓದಬಹುದು, ಆದರೆ ಹೊಸ ಪರೀಕ್ಷೆಗೆ ಹೊಸದಾಗಿ ಹೆರೆಯಬೇಕು. ಅದಕ್ಕೆ ಬ್ಲಾಕೇ ಬೇಕು. ಲ್ಯಾಬಿನವರು ಬ್ಲಾಕ್ ಕೊಡಲು ಹಿಂಜರಿದರೆ, ಬಣ್ಣ ಹಾಕದ ಸ್ಲೈಡುಗಳನ್ನು ಹೆರೆದುಕೊಡಿ ಅಂತ ಕೇಳಿ. ಎಷ್ಟು ಬೇಕು ಅಂತ ಓದುವ ಲ್ಯಾಬನ್ನು ಮೊದಲೇ ವಿಚಾರಿಸಿ.

ಕೂಡಿಸಬೇಕಾದ್ದು ಇಷ್ಟು:

- ಎಲ್ಲ ಬಯಾಪ್ಸಿಯ ಸ್ಲೈಡ್, ಬ್ಲಾಕ್. ಐಎಚ್‌ಸಿ (ತುಣುಕಿನ ಪ್ರೋಟೀನುಗಳಿಗೆ ಬಣ್ಣ ಕೊಟ್ಟು ನೋಡುವ ಪರೀಕ್ಷೆ) ಮಾಡಿದ್ದರೆ ಆ ಸ್ಲೈಡುಗಳೂ ಬೇರೆಯಾಗಿ.
- ಪೆಥಾಲಜಿ ರಿಪೋರ್ಟಿನ, ಅಂದರೆ ಸ್ಲೈಡ್ ನೋಡಿ ಬರೆದ ವರದಿಯ, ಪೂರ್ತಿ ಪ್ರತಿ. ಕೊನೆಯ ಸಾಲು ಮಾತ್ರ ಸಾಲದು.
- ಸಿಟಿ, ಎಂಆರ್‌ಐ, ಪೆಟ್ ಸ್ಕ್ಯಾನಿನ ಮೂಲ ಚಿತ್ರಗಳು, ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ. ‘ಡೈಕಾಮ್ ಫೈಲ್ ಕೊಡಿ’ ಅನ್ನಿ, ಅವರಿಗೆ ಅರ್ಥ ಆಗುತ್ತದೆ.
- ಆಪರೇಷನ್ ಆಗಿದ್ದರೆ ಆಪರೇಷನ್ ನೋಟ್ಸ್. ಡಿಸ್ಚಾರ್ಜ್ ಸಮ್ಮರಿ ಬೇರೆ, ಇದು ಬೇರೆ.
- ಕೀಮೋ ಆಗಿದ್ದರೆ ಔಷಧಿಯ ಹೆಸರು, ಡೋಸ್, ತಾರೀಖು ಇರುವ ಚಾರ್ಟ್.
- ರಕ್ತದ ವರದಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ.
- ಮೊದಲ ಡಾಕ್ಟರು ಹೇಳಿದ ಚಿಕಿತ್ಸೆ, ಅವರ ಕೈಬರಹದಲ್ಲೇ ಆದರೂ ಸರಿ.

ಮೊಬೈಲಿನಲ್ಲಿ ಹೊಡೆದ ಸ್ಕ್ಯಾನಿನ ಫೋಟೋ ಉಪಯೋಗಕ್ಕೆ ಬಾರದು. ನೂರಾರು ಪದರ ಇರುವ ಸ್ಕ್ಯಾನಿನ ನಾಲ್ಕು ಚಿತ್ರ ತೋರಿಸಿದರೆ, ಒಂದು ಊರಿನ ನಾಲ್ಕು ಮನೆ ತೋರಿಸಿ ‘ಹೇಗಿದೆ ಊರು?’ ಅಂದ ಹಾಗೆ.

ಇಲ್ಲಿ ಆಗುವ ತಪ್ಪುಗಳು: ಸಿಡಿಯನ್ನು ಮನೆಯಲ್ಲಿ ತೆರೆದು ನೋಡದೇ ಒಯ್ಯುವುದು. ಕೆಲವೊಮ್ಮೆ ಖಾಲಿ ಇರುತ್ತದೆ, ಇಲ್ಲವೇ ಬೇರೆಯವರದ್ದು ಇರುತ್ತದೆ. ಸ್ಲೈಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವುದು. ಅದಕ್ಕೇ ಅಂತ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಕೇಳಿ. ಬ್ಲಾಕನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡುವುದು. ಮೇಣ ಅಲ್ವಾ, ಮೆತ್ತಗಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು, ನಂಬರ್ ತಾಳೆ ನೋಡದಿರುವುದು. ಬ್ಲಾಕಿನ ಅಂಚಿನ ನಂಬರ್, ಸ್ಲೈಡಿನ ಮೇಲಿನ ನಂಬರ್, ರಿಪೋರ್ಟಿನ ನಂಬರ್ ಮೂರೂ ಒಂದೇ ಇರಬೇಕು. ಹೆಸರಿನ ಕಾಗುಣಿತ, ವಯಸ್ಸು ಕೂಡ. ಕೌಂಟರ್ ಮುಂದೆ ನಿಂತೇ ನೋಡಿ.

## 4. ಡಾಕ್ಟರಿಗಿಂತ ಮೊದಲು ಸ್ಲೈಡ್ ಓದಿಸಿ

ಚಿಕಿತ್ಸೆ ನಿಂತಿರುವುದು ಕಾಯಿಲೆಯ ಹೆಸರಿನ ಮೇಲೆ. ಹೆಸರು ಬದಲಾದರೆ ಎಲ್ಲವೂ ಬದಲು. ಲಿಂಫೋಮಾ, ಸಾರ್ಕೋಮಾ, ಮೆದುಳಿನ ಗಡ್ಡೆ, ಎಲ್ಲಿಂದ ಶುರುವಾಯಿತು ಅಂತ ತಿಳಿಯದ ಕ್ಯಾನ್ಸರ್, ಇವುಗಳಲ್ಲಿ ಸ್ಲೈಡನ್ನು ಆ ಬಗೆಯದನ್ನೇ ದಿನಾ ನೋಡುವ ಪೆಥಾಲಜಿಸ್ಟ್ ಹತ್ತಿರ ಮತ್ತೆ ಓದಿಸದೆ ಮುಂದೆ ಹೋಗಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. ಬೇರೆ ಕ್ಯಾನ್ಸರುಗಳಲ್ಲೂ ಒಳ್ಳೆಯದೇ, ಆದರೆ ಇವುಗಳಲ್ಲಿ ಬಿಡಲೇಬಾರದು.

ರಿಪೋರ್ಟು ಕೈಯಲ್ಲಿ ಹಿಡಿದು ಕೆಲವು ಮಾತುಗಳನ್ನು ಹುಡುಕಿ. ‘ಸಜೆಸ್ಟಿವ್ ಆಫ್’, ‘ಸಸ್ಪಿಷಿಯಸ್ ಫಾರ್’, ‘ಫೇವರ್ಸ್’ ಅಂತ ಇದ್ದರೆ ಪೆಥಾಲಜಿಸ್ಟ್ ಇನ್ನೂ ಪೂರ್ತಿ ಒಪ್ಪಿಲ್ಲ. ‘ಐಎಚ್‌ಸಿ ಅಡ್ವೈಸ್ಡ್’ ಅಂತ ಇದ್ದು ಐಎಚ್‌ಸಿ ಆಗಿಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಂತಿದೆ. ಅಂಥ ಕಾಗದದ ಮೇಲೆ ಕೀಮೋ ತಾರೀಖು ಕೊಟ್ಟಿದ್ದರೆ, ಅಲ್ಲೇ ನಿಂತು ಪ್ರಶ್ನೆ ಕೇಳಿ.

ಸಂಖ್ಯೆಗಳನ್ನೂ ನೋಡಿ. ಹರ್-2 ಐಎಚ್‌ಸಿಯಲ್ಲಿ 0 ಅಥವಾ 1+ ಬಂದರೆ ನೆಗೆಟಿವ್, 3+ ಬಂದರೆ ಪಾಸಿಟಿವ್. 2+ ಬಂದರೆ ಎರಡೂ ಅಲ್ಲ, ಫಿಶ್‌ನಂಥ ಇನ್ನೊಂದು ಪರೀಕ್ಷೆ ಆಗಲೇಬೇಕು. 2+ ನೋಡಿ ‘ಪಾಸಿಟಿವ್’ ಅಂತಲೋ ‘ನೆಗೆಟಿವ್’ ಅಂತಲೋ ಯಾರಾದರೂ ಅಂದರೆ ಅದು ಅಂದಾಜು. ಪ್ರಾಸ್ಟೇಟ್‌ನಲ್ಲಿ ಗಡ್ಡೆ ಎಷ್ಟು ಜೋರಿನದು ಅಂತ ಹೇಳುವ ಗ್ಲೀಸನ್ ಅಂಕದಲ್ಲಿ 6 ಮತ್ತು 7ರ ನಡುವೆ ಒಂದೇ ಅಂಕಿಯ ವ್ಯತ್ಯಾಸ. ಆದರೆ 6 ಬಂದವರಲ್ಲಿ ಬಹಳ ಜನ ಆಪರೇಷನ್ ಇಲ್ಲದೆ, ಆಗಾಗ ಪರೀಕ್ಷೆ ಮಾಡಿಸಿಕೊಂಡು ಕಾಯಬಹುದು. ಶ್ವಾಸಕೋಶದ ಅಡಿನೋಕಾರ್ಸಿನೋಮಾ (ಅಲ್ಲಿನ ಕ್ಯಾನ್ಸರಿನ ಒಂದು ಬಗೆ) ಬೇರೆ ಕಡೆಗೂ ಹಬ್ಬಿದ್ದರೆ ಇಜಿಎಫ್‌ಆರ್, ಎಎಲ್‌ಕೆ ಅನ್ನುವ ಜೀನ್ ಪರೀಕ್ಷೆಗಳ ಉತ್ತರ ಬರಬೇಕು. ದಿನಾ ನುಂಗುವ ಮಾತ್ರೆ ಕೆಲಸ ಮಾಡುವ ಬಗೆಯಾ ಅಂತ ಗೊತ್ತಾಗುವುದೇ ಅದರಿಂದ.

ಇನ್ನು ಸ್ಟೇಜ್, ಅಂದರೆ ಕಾಯಿಲೆ ಎಷ್ಟು ಹಬ್ಬಿದೆ ಅನ್ನುವುದು. ಪೆಟ್ ಸ್ಕ್ಯಾನ್ ಸಕ್ಕರೆ ಜಾಸ್ತಿ ಉರಿಸುವ ಜಾಗವನ್ನು ಹೊಳೆಯುವಂತೆ ತೋರಿಸುತ್ತದೆ. ಕ್ಯಾನ್ಸರ್ ಹೊಳೆಯುತ್ತದೆ, ನಿಜ. ಟಿಬಿ, ಸೋಂಕು, ಗಾಯ ಮಾಯುತ್ತಿರುವ ಜಾಗ ಕೂಡ ಹೊಳೆಯುತ್ತದೆ. ದೂರದ ಒಂದೇ ಒಂದು ಚುಕ್ಕೆ ಹೊಳೆದದ್ದರಿಂದ ‘4ನೇ ಸ್ಟೇಜ್’ ಅಂದಿದ್ದರೆ, ಆ ಚುಕ್ಕೆಯ ಬಯಾಪ್ಸಿ ಆಗಿದೆಯಾ, ಮಾಡಲು ಆಗುತ್ತಾ ಅಂತ ಕೇಳಿ. ವಾಸಿ ಮಾಡುವ ಚಿಕಿತ್ಸೆ ಒಂದು ದಾರಿ, ತಡೆದು ಹಿಡಿಯುವ ಚಿಕಿತ್ಸೆ ಇನ್ನೊಂದು ದಾರಿ. ಕವಲು ಇರುವುದು ಆ ಚುಕ್ಕೆಯಲ್ಲಿ.

## 5. ಈಗ ಡಾಕ್ಟರನ್ನು ಹುಡುಕಿ

ಎರಡನೆಯವರು ಮೊದಲನೆಯವರ ಗೆಳೆಯರೋ ಶಿಷ್ಯರೋ ಆಗಿರಬಾರದು, ಆಸ್ಪತ್ರೆಯೂ ಬೇರೆ ಇರಲಿ. ನಿಮ್ಮ ಕ್ಯಾನ್ಸರನ್ನೇ ಜಾಸ್ತಿ ನೋಡುವವರು ಬೇಕು. ‘ದೊಡ್ಡ ಡಾಕ್ಟರು’ ಅನ್ನುವುದು ಅಳತೆಯಲ್ಲ.

ಸರ್ಜನ್ ಆಪರೇಷನ್ ಹೇಳಿದ್ದರೆ ಇನ್ನೊಬ್ಬ ಸರ್ಜನ್‌ನನ್ನು ಮಾತ್ರ ಕೇಳಿ ಸುಮ್ನಾಗಬೇಡಿ. ಕೀಮೋ ಕೊಡುವವರು, ರೇಡಿಯೇಶನ್ ಕೊಡುವವರು ಏನು ಹೇಳುತ್ತಾರೆ ಅಂತಲೂ ಗೊತ್ತಾಗಬೇಕು. ಮೂವರೂ ಒಟ್ಟಿಗೆ ಕೂತು ಒಂದು ಕೇಸ್ ಚರ್ಚೆ ಮಾಡುವ ಸಭೆಗೆ ಟ್ಯೂಮರ್ ಬೋರ್ಡ್ ಅನ್ನುತ್ತಾರೆ. ಅದು ಇರುವ ಆಸ್ಪತ್ರೆ ಸಿಕ್ಕರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ.

ಆನ್‌ಲೈನ್ ಅಭಿಪ್ರಾಯ ಸ್ಲೈಡ್, ಸ್ಕ್ಯಾನ್ ಓದಿಸಲು ಚೆನ್ನಾಗಿದೆ. ಆದರೆ ಬಾಯಿ, ಸ್ತನ, ಗರ್ಭಕಂಠ, ರೆಕ್ಟಮ್ ಇವುಗಳಲ್ಲಿ ಡಾಕ್ಟರ ಕೈಗೆ ಸಿಗುವ ಮಾಹಿತಿ ಪರದೆಗೆ ಸಿಗುವುದಿಲ್ಲ. ಆಪರೇಷನ್ ಆಗುತ್ತಾ ಇಲ್ವಾ ಅನ್ನುವ ಪ್ರಶ್ನೆಗೆ ಎದುರಿಗೆ ಕೂತೇ ತೋರಿಸಿ.

## 6. ಒಂದು ಪುಟ ಬರೆಯಿರಿ

ಡಾಕ್ಟರಿಗೆ ಸಿಗುವ ಸಮಯ ಕಡಿಮೆ. ಫೈಲ್ ಹುಡುಕುತ್ತಾ ಕೂತರೆ ಅದೂ ಹೋಗುತ್ತದೆ. ಒಂದು ಪುಟದಲ್ಲಿ ತಾರೀಖಿನ ಪ್ರಕಾರ ಬರೆಯಿರಿ: ಯಾವಾಗ ಏನು ಕಾಣಿಸಿತು, ಯಾವಾಗ ಬಯಾಪ್ಸಿ, ಏನು ಬಂತು, ಯಾವ ಸ್ಕ್ಯಾನ್, ಈಗ ಏನು ಚಿಕಿತ್ಸೆ ಹೇಳಿದ್ದಾರೆ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇದ್ದರೆ ಅದು.

ಇನ್ನೊಂದು ಸಾಲು ತಪ್ಪದೇ ಇರಲಿ: ರೋಗಿ ಈಗ ದಿನ ಹೇಗೆ ಕಳೆಯುತ್ತಾರೆ. ಮೆಟ್ಟಿಲು ಹತ್ತುತ್ತಾರಾ, ಸ್ನಾನ ತಾವೇ ಮಾಡುತ್ತಾರಾ, ಹಗಲಿನಲ್ಲಿ ಎಷ್ಟು ಹೊತ್ತು ಮಲಗಿರುತ್ತಾರೆ. ಡಾಕ್ಟರುಗಳು ಇದನ್ನು ಇಕಾಗ್ ಅನ್ನುವ ಅಳತೆಯಲ್ಲಿ ಗುರುತಿಸುತ್ತಾರೆ. 0 ಅಂದರೆ ಮೊದಲಿನಂತೆಯೇ ಓಡಾಟ, 4 ಅಂದರೆ ಪೂರ್ತಿ ಹಾಸಿಗೆ. ಕೀಮೋ ತಡೆಯುತ್ತಾರಾ ಅನ್ನುವುದಕ್ಕೆ ವಯಸ್ಸಿಗಿಂತ ಇದು ಹೆಚ್ಚು ಹೇಳುತ್ತದೆ. ‘ಚೆನ್ನಾಗಿದ್ದಾರೆ’ ಅಂತ ಸುಳ್ಳು ಹೇಳಬೇಡಿ. ಆ ಸುಳ್ಳಿಗೆ ಡೋಸ್ ಜಾಸ್ತಿಯಾಗುತ್ತದೆ, ಅನುಭವಿಸುವುದು ರೋಗಿ.

ಪುಟದ ಕೊನೆಗೆ ಮೂರೇ ಪ್ರಶ್ನೆ. ಇಪ್ಪತ್ತು ಬರೆದುಕೊಂಡು ಹೋದರೆ ಮೊದಲ ನಾಲ್ಕಕ್ಕೇ ಸಮಯ ಮುಗಿಯುತ್ತದೆ.

ಹೋಗುವ ಮುಂಚೆ ಸ್ವಲ್ಪ ಓದಬೇಕು ಅನ್ನುವವರು ಅಮೆರಿಕದ ಎನ್‌ಸಿಸಿಎನ್, ಯುರೋಪಿನ ಎಸ್ಮೋ ಅನ್ನುವ ಕ್ಯಾನ್ಸರ್ ಸಂಸ್ಥೆಗಳು ರೋಗಿಗಳಿಗಾಗಿಯೇ ಬರೆದ ಕೈಪಿಡಿಗಳನ್ನು ಓದಿ. ಇಂಗ್ಲಿಷ್ ಬಲ್ಲ ಯಾರಾದರೂ ಮನೆಯಲ್ಲಿ ಕೂತು ಓದಿ ಹೇಳಬಹುದು. ಬೇರೆಯವರ ಅನುಭವದ ವಿಡಿಯೋಗಳನ್ನು ಈ ಎರಡು ವಾರ ಪಕ್ಕಕ್ಕಿಡಿ. ಅವರ ಕಾಯಿಲೆಯ ಹೆಸರು ಒಂದೇ ಇದ್ದರೂ ಬಗೆ ಬೇರೆ ಇರಬಹುದು.

## 7. ಕೋಣೆಯೊಳಗೆ

ಇಬ್ಬರು ಹೋಗಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ರೆಕಾರ್ಡ್ ಮಾಡುವುದಿದ್ದರೆ ಕೇಳಿ ಮಾಡಿ.

‘ಅವರು ಹೇಳಿದ್ದು ಸರಿನಾ?’ ಅಂತ ಶುರು ಮಾಡಬೇಡಿ. ಪಕ್ಕದ ಡಾಕ್ಟರನ್ನು ತಪ್ಪು ಅನ್ನಲು ಯಾರಿಗೂ ಇಷ್ಟ ಇರುವುದಿಲ್ಲ, ‘ಸರಿಯಾಗೇ ಇದೆ’ ಅಂದುಬಿಡುತ್ತಾರೆ. ಬದಲಿಗೆ: ‘ನಾವು ಮೊದಲೇ ನಿಮ್ಮ ಹತ್ತಿರ ಬಂದಿದ್ದರೆ ನೀವು ಏನು ಮಾಡುತ್ತಿದ್ದಿರಿ?’ ಕೇಳಿ ಸುಮ್ಮನೆ ಕೂರಿ. ಅವರು ಹೇಳಿ ಮುಗಿಸಿದ ಮೇಲೆ ಮೊದಲನೆಯವರ ಚೀಟಿ ತೋರಿಸಿ. ಬಚ್ಚಿಡುವುದು ಬೇಡ, ಮೊದಲೇ ಮುಂದಿಡುವುದೂ ಬೇಡ.

ಆಮೇಲೆ ಈ ಮೂರು: ಈ ಚಿಕಿತ್ಸೆಯ ಗುರಿ ವಾಸಿ ಮಾಡುವುದಾ, ಆಯುಸ್ಸು ಹೆಚ್ಚಿಸುವುದಾ, ನೋವು ಕಡಿಮೆ ಮಾಡುವುದಾ? ಬೇರೆ ಯಾವ ದಾರಿ ಇದೆ, ಅದನ್ನು ಯಾಕೆ ಬಿಟ್ಟಿರಿ? ಏನೂ ಮಾಡದಿದ್ದರೆ ಏನಾಗುತ್ತದೆ?

ಶೇಕಡಾ ಲೆಕ್ಕ ಬಂದಾಗ ಕಿವಿ ನೆಟ್ಟಗಿರಲಿ. ‘ಈ ಔಷಧಿಯಿಂದ ಮರಳಿ ಬರುವ ಅಪಾಯ 30 ಪರ್ಸೆಂಟ್ ಕಡಿಮೆ’ ಅಂದರು ಅಂತಿಟ್ಟುಕೊಳ್ಳಿ. ಔಷಧಿ ಇಲ್ಲದೆ 100 ಜನರಲ್ಲಿ 10 ಜನರಿಗೆ ಮರಳುತ್ತಿತ್ತು ಅಂದರೆ ಈಗ 7 ಜನರಿಗೆ. ಲಾಭ ಆಗಿದ್ದು 3 ಜನರಿಗೆ. 60 ಜನರಿಗೆ ಮರಳುತ್ತಿದ್ದರೆ ಅದೇ 30 ಪರ್ಸೆಂಟ್ 18 ಜನರನ್ನು ಉಳಿಸುತ್ತದೆ. ‘ನನ್ನಂಥ 100 ಜನರಲ್ಲಿ ಎಷ್ಟು ಜನರಿಗೆ?’ ಅಂತ ಕೇಳಿ.

## 8. ಇಬ್ಬರ ಮಾತು ಬೇರೆಯಾದರೆ

ಮೂರನೆಯವರ ಹತ್ತಿರ ಓಡುವ ಮುಂಚೆ ಜಗಳ ಎಲ್ಲಿದೆ ಅಂತ ನೋಡಿ. ಕಾಯಿಲೆಯ ಹೆಸರಿನಲ್ಲೇ ಇದ್ದರೆ ಬೇಕಾಗಿರುವುದು ಮೂರನೇ ಡಾಕ್ಟರಲ್ಲ, ಬ್ಲಾಕನ್ನು ಮೂರನೇ ಪೆಥಾಲಜಿಸ್ಟ್ ನೋಡಬೇಕು. ಸ್ಟೇಜ್‌ನಲ್ಲಿ ಇದ್ದರೆ ಸ್ಕ್ಯಾನನ್ನು ಇನ್ನೊಬ್ಬ ರೇಡಿಯಾಲಜಿಸ್ಟ್ ಓದಲಿ, ಇಲ್ಲವೇ ಆ ಜಾಗದ ಬಯಾಪ್ಸಿ ಆಗಲಿ.

ಹೆಸರು, ಸ್ಟೇಜ್ ಎರಡರಲ್ಲೂ ಒಪ್ಪಿ ಚಿಕಿತ್ಸೆಯಲ್ಲಿ ಮಾತ್ರ ಭಿನ್ನ ಇದ್ದರೆ, ಎರಡೂ ಸರಿ ಇರಬಹುದು. ಪ್ರಾಸ್ಟೇಟ್‌ಗೆ ಆಪರೇಷನ್ನಾ ರೇಡಿಯೇಶನ್ನಾ ಅನ್ನುವುದು ಎಷ್ಟೋ ಸಲ ಹಾಗೇ. ಅಂಥ ಕಡೆ ತೀರ್ಮಾನ ರೋಗಿಯದ್ದು: ಯಾವ ಅಡ್ಡಪರಿಣಾಮದ ಜೊತೆ ಬದುಕುವುದು ತನಗೆ ಆಗುತ್ತದೆ ಅನ್ನುವುದು ಅವರಿಗೇ ಗೊತ್ತು. ಎರಡನೆಯವರ ಅಭಿಪ್ರಾಯ ಬರೆಸಿಕೊಂಡು ಮೊದಲನೆಯವರಿಗೆ ತೋರಿಸಿ, ‘ಇದಕ್ಕೆ ನೀವೇನು ಹೇಳುತ್ತೀರಿ?’ ಅನ್ನಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಚಿಕ್ಕಮ್ಮನ ಮೊದಲ ಡಾಕ್ಟರು ಕಾಗದ ಓದಿ, ಔಷಧಿಯ ಕ್ರಮವನ್ನು ಅಲ್ಲೇ ಬದಲಿಸಿದರು.

ಇಷ್ಟವಾದ ಉತ್ತರ ಸಿಗುವವರೆಗೂ ಕೇಳುತ್ತಾ ಹೋಗುವುದು ಬೇರೆಯೇ ಕಾಯಿಲೆ. ನಾಲ್ಕನೇ ಬಾಗಿಲು ತಟ್ಟುತ್ತಿದ್ದರೆ ಕ್ಯಾಲೆಂಡರಿನ ಆ ಗುರುತು ನೋಡಿ.

## 9. ಇಂಥದ್ದು ಕಂಡರೆ ಎದ್ದು ಬನ್ನಿ

‘ಖಂಡಿತ ವಾಸಿ ಮಾಡುತ್ತೇನೆ’ ಅನ್ನುವವರು. ಬಯಾಪ್ಸಿ ನೋಡದೇ ಔಷಧಿ ಬರೆಯುವವರು. ‘ಬಯಾಪ್ಸಿ ಮಾಡಿಸಿದರೆ ಹರಡುತ್ತದೆ, ಬೇಡ’ ಅಂತ ಹೆದರಿಸುವವರು. ಔಷಧಿಯ ಹೆಸರು ಗುಟ್ಟು ಅನ್ನುವವರು. ಬೇರೆಯವರ ಔಷಧಿ ಎಲ್ಲ ಇವತ್ತೇ ನಿಲ್ಲಿಸಿ ಅನ್ನುವವರು. ಇವತ್ತೇ ಹಣ ಕಟ್ಟಿ, ನಾಳೆ ಆಗುವುದಿಲ್ಲ ಅನ್ನುವವರು. ನಿಮ್ಮದೇ ಸ್ಲೈಡ್, ರಿಪೋರ್ಟ್ ಕೊಡಲು ಒಪ್ಪದವರು. ತುರ್ತು ಅಂದರೆ ಯಾಕೆ ಅಂತ ಒಂದು ವಾಕ್ಯದಲ್ಲಿ ಹೇಳಲು ಬರಬೇಕು. ಹೇಳಲು ಆಗದ ತುರ್ತು ಕಾಯಿಲೆಯದ್ದಲ್ಲ.

## 10. ಶುರು ಮಾಡುವ ದಿನ

ಯಾರ ಹತ್ತಿರ ಮಾಡಿಸುತ್ತೀರಿ ಅಂತ ಇಬ್ಬರಿಗೂ ತಿಳಿಸಿ. ದೂರದವರು ಯೋಜನೆ ಹಾಕಿಕೊಟ್ಟು ಹತ್ತಿರದವರು ಕೊಡುವುದೂ ನಡೆಯುತ್ತದೆ. ಆದರೆ ಜ್ವರ ಬಂದ ರಾತ್ರಿ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮೊದಲೇ ಬರೆದು ಗೋಡೆಗೆ ಅಂಟಿಸಿರಲಿ.

ಕೊನೆಗೆ ಬ್ಲಾಕ್. ಓದಿಸಲು ಕೊಟ್ಟ ಲ್ಯಾಬಿನಲ್ಲೇ ಅದನ್ನು ಮರೆತು ಬರುತ್ತಾರೆ. ವಾಪಸ್ ತಗೊಂಡು ಮೊದಲ ಲ್ಯಾಬಿಗೆ ಮುಟ್ಟಿಸಿ, ರಸೀದಿ ಫೈಲಿಗೆ ಹಾಕಿ. ಮೂರು ವರ್ಷದ ಮೇಲೆ ಹೊಸ ಪರೀಕ್ಷೆ ಏನಾದರೂ ಬೇಕಾದರೆ, ಕೇಳುವುದು ಆ ಕಂದು ಗೆರೆಯನ್ನೇ.